ಸವಳಂಗದ ಏರು

ಹೊನ್ನಾಳಿ ಬಸ್ ನಿಲ್ದಾಣದ ಹತ್ತಿರ ಮೆಡಿಕಲ್ ಶಾಪ್ ಇಟ್ಟುಕೊಂಡಿದ್ದ ಸಿದ್ದಲಿಂಗೇಶ್ ಓಡಲು ಶುರುಮಾಡಿದ್ದು ನಲವತ್ತೈದು ದಾಟಿದ ಮೇಲೆ. ಸಕ್ಕರೆ ಗಡಿಯಲ್ಲಿದೆ, ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದ್ದರು. ತುಂಗಭದ್ರೆಯ ಸೇತುವೆಯ ಮೇಲೆ ಬೆಳಗ್ಗೆ ನಡೆಯುವವರಿಗೇನೂ ಬರವಿರಲಿಲ್ಲ. ನಿವೃತ್ತ ಮೇಷ್ಟ್ರುಗಳು, ಮಂಡಿ ವ್ಯಾಪಾರದವರು, ಮಂಡಿ ನೋವಿನ ಹೆಂಗಸರು ಗುಂಪು ಕಟ್ಟಿಕೊಂಡು ಮಾತಾಡುತ್ತ ಹೋಗಿಬರುತ್ತಿದ್ದರು. ಕಂಡವರೆಲ್ಲ ಅವನನ್ನು ನಿಲ್ಲಿಸಿ ಗ್ಯಾಸಿಗೆ ಯಾವ ಮಾತ್ರೆ ಒಳ್ಳೆಯದು ಎಂದು ಕೇಳುವವರೇ. ತಪ್ಪಿಸಿಕೊಳ್ಳಲು ಒಂದು ದಿನ ಜೋರಾಗಿ ಹೆಜ್ಜೆ ಹಾಕಿದ. ಹಾಕುತ್ತ ಹಾಕುತ್ತ ಅದು ಓಟವಾಯಿತು.

ಓಡುವವನನ್ನು ಯಾರೂ ನಿಲ್ಲಿಸಿ ಮಾತಾಡಿಸುವುದಿಲ್ಲ ಎಂಬುದು ಅವನಿಗೆ ಸಿಕ್ಕ ದೊಡ್ಡ ಲಾಭ. ದಿನವಿಡೀ ಊರವರ ಭೇದಿ, ಕೆಮ್ಮು, ನಿದ್ದೆ ಬಾರದ ಕತೆ ಕೇಳಿ ಕೇಳಿ ಕಿವಿ ದಣಿದಿರುತ್ತಿತ್ತು. ಬೆಳಗಿನ ಆ ಹೊತ್ತಿನಲ್ಲಿ ತನ್ನ ಉಸಿರಿನ ಸದ್ದು ಬಿಟ್ಟು ಬೇರೇನೂ ಕೇಳಿಸದಿದ್ದರೆ ಸಾಕಾಗಿತ್ತು. ಹೆಂಡತಿ ಕಲ್ಪನಾ ಹೈಸ್ಕೂಲಿನಲ್ಲಿ ಗಣಿತ ಟೀಚರ್. "ಯಾವ ನಾಯಿ ಅಟ್ಟಿಸ್ಕೊಂಡು ಬಂದೈತೆ ಅಂತ ಹಿಂಗೆ ಓಡ್ತೀರಿ?" ಎಂದು ನಕ್ಕಿದ್ದಳು.

ಪರಶುರಾಮ್ ಬಂದು ಸೇರಿಕೊಂಡದ್ದು ಮರುವರ್ಷ. ಅವನು ಜಗಳೂರು ಕಡೆಯ ಹುಡುಗ, ಮೂವತ್ತರ ಒಳಗಿನವನು, ಕರೆಂಟಿನ ಲೈನ್‌ಮನ್. ಹೊನ್ನಾಳಿಯಲ್ಲಿ ಒಂದೇ ಕೋಣೆ ಬಾಡಿಗೆಗೆ ಹಿಡಿದಿದ್ದ. ಒಂದು ಬೆಳಗ್ಗೆ ಸೇತುವೆಯ ತುದಿಯಲ್ಲಿ ಕಾದು ನಿಂತಿದ್ದವನು ಪಕ್ಕದಲ್ಲೇ ಓಡುತ್ತ ಬಂದ.

"ಕಂಬದ ಮ್ಯಾಲಿಂದ ನಿಮ್ಮನ್ನ ನೋಡ್ತಿರ್ತೀನಣ್ಣ. ಒಬ್ರೇ ಓಡ್ತೀರಲ್ಲ, ನಾನೂ ಬರ್ಲಾ?"

ಬೇಡ ಎನ್ನಲು ಬಾಯಿ ಬರಲಿಲ್ಲ. ಪರಶುರಾಮನ ಕಾಲು ಹಗುರ, ಬಾಯಿ ಇನ್ನೂ ಹಗುರ. ಏರಿನಲ್ಲೂ ಅವನ ಮಾತು ತುಂಡಾಗುತ್ತಿರಲಿಲ್ಲ. ಯಾವ ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟಿತು, ಯಾರ ಮನೆಯ ಮುದುಕಿ ಒಗ್ಗರಣೆ ಮಂಡಕ್ಕಿ ಕೊಟ್ಟಳು, ಅವ್ವ ಏನಂದಳು, ಅಕ್ಕ ಏನಂದಳು. ಸಿದ್ದಲಿಂಗೇಶ್ ವಾಚು ನೋಡಿಕೊಂಡು "ಹ್ಞೂಂ" ಎನ್ನುತ್ತಿದ್ದ. ಕ್ರಮೇಣ ಆ ಮಾತು ಅವನಿಗೆ ಹೊಳೆಯ ನೀರಿನ ಸದ್ದಿನ ಹಾಗಾಯಿತು. ಇದ್ದರೆ ಹಿತ, ಕೇಳಬೇಕೆಂದಿಲ್ಲ.

ಡಿಸೆಂಬರಿನಲ್ಲಿ ದಾವಣಗೆರೆಯಲ್ಲಿ ಇಪ್ಪತ್ತೊಂದು ಕಿಲೋಮೀಟರ್ ಓಟವಿದೆ ಎಂದು ತಿಳಿದ ದಿನವೇ ಸಿದ್ದಲಿಂಗೇಶ್ ಇಬ್ಬರ ಹೆಸರನ್ನೂ ಕೊಟ್ಟುಬಿಟ್ಟ. ಅಲ್ಲಿಂದ ಭಾನುವಾರಗಳ ಬಣ್ಣವೇ ಬೇರೆಯಾಯಿತು. ನಸುಕಿನಲ್ಲಿ ಬೈಕಿನ ಮೇಲೆ ನ್ಯಾಮತಿಗೆ ಹೋಗಿ, ಅಲ್ಲೊಂದು ಹೋಟೆಲಿನ ಮುಂದೆ ಗಾಡಿ ನಿಲ್ಲಿಸಿ, ಸವಳಂಗದ ಕಡೆ ಓಡುವರು. ಆ ರಸ್ತೆಯಲ್ಲಿ ಏರುಗಳಿದ್ದವು. ಏರಿನಲ್ಲಿ ಪಳಗಿದರೆ ದಾವಣಗೆರೆಯ ಸಪಾಟು ರಸ್ತೆ ಏನೂ ಅಲ್ಲ ಎಂಬುದು ಸಿದ್ದಲಿಂಗೇಶನ ಲೆಕ್ಕ. ಓಡಿ ಬಂದು ಆ ಹೋಟೆಲಿನಲ್ಲಿ ಬಿಸಿ ಇಡ್ಲಿ ತಿನ್ನುವಾಗ ಅವನಿಗೆ ಅನಿಸುತ್ತಿತ್ತು, ಈ ಭೂಮಿಯ ಮೇಲೆ ತನ್ನನ್ನು ಅರ್ಥ ಮಾಡಿಕೊಂಡವನು ಒಬ್ಬನಿದ್ದಾನೆ, ಎದುರಿಗೆ ಕೂತು ಚಟ್ನಿ ಹಾಕಿಸಿಕೊಳ್ಳುತ್ತಿದ್ದಾನೆ.

ಮಳೆಗಾಲ ಮುಗಿಯುವ ಹೊತ್ತಿಗೆ ಎಡಗಾಲಿನ ಹಿಮ್ಮಡಿಯ ಮೇಲೆ ನೋವು ಕಾಣಿಸಿಕೊಂಡಿತು. ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಇಡುವಾಗ ಚಾಕುವಿನಿಂದ ತಿವಿದಂತೆ, ಓಡುತ್ತ ಓಡುತ್ತ ಮಾಯ. ಗಿರಾಕಿ ಕೇಳಿದ್ದರೆ "ಚೀಟಿ ಇಲ್ದೆ ಕೊಡಾಕೆ ಬರಲ್ಲ ಕಣ್ರೀ" ಎಂದು ವಾಪಸು ಕಳಿಸುತ್ತಿದ್ದ ಮಾತ್ರೆಯನ್ನು ತಾನು ಕಡಲೆಬೀಜದ ಹಾಗೆ ಬಾಯಿಗೆ ಹಾಕಿಕೊಂಡ. ಪರಶುರಾಮ್ ಅವನ ಕುಂಟು ಹೆಜ್ಜೆ ಗಮನಿಸಿ, "ಒಂದು ವಾರ ಬಿಡ್ರಣ್ಣ, ಓಟ ಎಲ್ಲೂ ಓಡಿ ಹೋಗಲ್ಲ" ಎಂದ. ಸಿದ್ದಲಿಂಗೇಶ್ ಒಪ್ಪಲಿಲ್ಲ.

ನವೆಂಬರಿನ ಒಂದು ಭಾನುವಾರ, ಸವಳಂಗದ ಕೆರೆ ಇನ್ನೂ ದೂರವಿರುವಾಗ, ಏರಿನ ನಡುವೆ ಯಾರೋ ಹಿಂದಿನಿಂದ ಹಿಮ್ಮಡಿಗೆ ಕಲ್ಲು ಬೀಸಿದ ಹಾಗಾಯಿತು. ಟಪ್ ಎಂಬ ಸದ್ದು ಅವನ ಕಿವಿಗೇ ಕೇಳಿಸಿತು. ಸಿಟ್ಟಿನಿಂದ ತಿರುಗಿ ನೋಡಿದ. ಖಾಲಿ ರಸ್ತೆ. ಮುಂದಿನ ಹೆಜ್ಜೆ ಇಡಲು ಹೋದರೆ ಪಾದ ತನ್ನದಲ್ಲವೆಂಬಂತೆ ಜೋತುಬಿತ್ತು. ಪರಶುರಾಮ್ ಓಡಿ ಬಂದು ಹೆಗಲು ಕೊಟ್ಟ. ಅತ್ತ ಬಂದ ಹಾಲಿನ ಗಾಡಿಯನ್ನು ಅಡ್ಡಗಟ್ಟಿ, ಕ್ಯಾನುಗಳ ನಡುವೆ ಅವನನ್ನು ಕೂರಿಸಿ, ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡ. ದಾರಿಯುದ್ದಕ್ಕೂ ಅವನು ಒಂದು ಮಾತೂ ಆಡದೆ ಕೂತದ್ದು ಅದೇ ಮೊದಲು.

ಹಿಮ್ಮಡಿಯ ಸ್ನಾಯುರಜ್ಜು ಪೂರ್ತಿ ಹರಿದಿತ್ತು. ಶಿವಮೊಗ್ಗದಲ್ಲಿ ಆಪರೇಷನ್ ಆಯಿತು. ಮೊಣಕಾಲಿನವರೆಗೆ ಪಟ್ಟಿ ಹಾಕಿ ಮನೆಗೆ ಕಳಿಸಿದರು. ನೋಡಲು ಬಂದವರೆಲ್ಲ ಹೇಳಿದ್ದು ಒಂದೇ: ಈ ವಯಸ್ಸಲ್ಲಿ ಬೇಕಿತ್ತಾ? ಕಲ್ಪನಾ ಹಾಗೆ ಹೇಳಲಿಲ್ಲ. ಕಾಲಿನ ಕೆಳಗೆ ದಿಂಬು ಇಟ್ಟಳು, ಸ್ನಾನಕ್ಕೆ ಕುರ್ಚಿ ಹಾಕಿದಳು. ಒಮ್ಮೆ ಮಾತ್ರ, ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಗ, "ನಡೆಯಾಕಂತೂ ಬರುತ್ತಲ್ರೀ, ಅಷ್ಟು ಸಾಲದಾ?" ಎಂದಳು. ಪ್ರೀತಿಯಿಂದಲೇ ಹೇಳಿದ್ದು. ಆ ಮಾತಿನ ನಂತರ ಅವನಿಗೆ ಮನೆಯಲ್ಲಿ ಇನ್ನಷ್ಟು ಒಂಟಿ ಎನಿಸಿತು. ಸತ್ತವರಿಗಾಗಿ ಅಳಬಹುದು, ಬಂದವರು ಸಮಾಧಾನ ಹೇಳುತ್ತಾರೆ. ಬೆಳಗಿನ ಒಂದು ಓಟ ಕಳೆದುಹೋದದ್ದಕ್ಕೆ ಯಾರ ಮುಂದೆ ಅಳುವುದು?

ಪರಶುರಾಮ್ ಮಾತ್ರ ದಿನಾ ಸಂಜೆ ಡ್ಯೂಟಿ ಮುಗಿಸಿ ಬರುತ್ತಿದ್ದ. ಮಂಚದ ಪಕ್ಕ ಕೂತು ಅದೇ ಧಾಟಿಯಲ್ಲಿ ಮಾತಾಡುತ್ತಿದ್ದ. ಸಿದ್ದಲಿಂಗೇಶ್ ಕೇಳುತ್ತಿದ್ದುದು ಒಂದೇ. "ಇವತ್ತು ಎಷ್ಟು ಓಡಿದೆ?"

ಡಿಸೆಂಬರಿನ ಆ ಭಾನುವಾರ ಬೆಳಗಿನಿಂದ ಫೋನ್ ಕೈಯಲ್ಲೇ ಹಿಡಿದು ಕಾದ. ಸಂಜೆ ಪರಶುರಾಮ್ ಬಾಳೆಹಣ್ಣಿನ ಚಿಪ್ಪು ಹಿಡಿದುಕೊಂಡು ಬಂದ.

"ಹೆಂಗಾತು?"

"ನಾನು ಹೋಗಲಿಲ್ಲಣ್ಣ."

"ಯಾಕೆ?"

"ಒಬ್ನೇ ಏನು ಓಡೋದು ಅಂತ ಬಿಟ್ಟೆ."

ಸಿದ್ದಲಿಂಗೇಶನಿಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. "ಕಾಲು ಗಟ್ಟಿ ಇರೋನಿಗೆ ಅದರ ಬೆಲೆ ಗೊತ್ತಿಲ್ಲ. ಇಷ್ಟು ತಿಂಗಳು ನಿನ್ನ ಹಿಂದೆ ಬಿದ್ದು ಓಡಿಸಿದ್ದು ನನ್ನ ದಡ್ಡತನ. ನಾನು ಇಲ್ಲಿ ಬಿದ್ದೀನಿ, ನೀನು ಹಣ್ಣು ತಗೊಂಡು ಬರ್ತೀಯ!"

ಪರಶುರಾಮ್ ಹಣ್ಣನ್ನು ಕಿಟಕಿಯ ಮೇಲಿಟ್ಟು, "ಬರ್ತೀನಣ್ಣ" ಎಂದು ಹೋದ. ಆಮೇಲೆ ದಿನಾ ಬರುವುದು ವಾರಕ್ಕೊಮ್ಮೆಯಾಯಿತು, ವಾರ ತಿಂಗಳಾಯಿತು. ಬೇಸಿಗೆ ಶುರುವಾಗುವ ಮುಂಚೆ ಒಂದು ದಿನ ಅಂಗಡಿಗೆ ಬಂದು, ಊರ ಕಡೆ ವರ್ಗವಾಯಿತೆಂದ. ಕೌಂಟರಿನ ಮುಂದೆ ಗಿರಾಕಿಗಳು ಮುತ್ತಿಕೊಂಡಿದ್ದರು. ಸಿದ್ದಲಿಂಗೇಶ್ ಮಾತ್ರೆ ಕತ್ತರಿಸುತ್ತಲೇ, "ಒಳ್ಳೇದಾತು, ಹೋಗಿ ಬಾರಪ್ಪ" ಎಂದ. ತಲೆಯೆತ್ತಿ ನೋಡುವಷ್ಟರಲ್ಲಿ ಅವನಿರಲಿಲ್ಲ.

ಕಾಲು ಕೂಡಿಕೊಂಡದ್ದು ನಿಧಾನಕ್ಕೆ. ಪಟ್ಟಿ ಬಿಚ್ಚಿದಾಗ ಎಡ ಮೀನಖಂಡ ಸೋರೆಬಳ್ಳಿಯ ಹಾಗೆ ಸೊರಗಿತ್ತು. ಫಿಸಿಯೋಥೆರಪಿಯವರು ಹೇಳಿಕೊಟ್ಟಂತೆ ಅಂಗಡಿಯ ಮೆಟ್ಟಿಲ ಮೇಲೆ ತುದಿಗಾಲಲ್ಲಿ ನಿಂತು ಏಳುವುದು, ಇಳಿಯುವುದು. ಬಸ್ಸಿಗೆ ಕಾಯುವವರು ನೋಡಿ ನಗುತ್ತಿದ್ದರು. ಮತ್ತೆ ಸೇತುವೆಯ ಮೇಲೆ ನಡೆಯಲು ಹೋದಾಗ ಹಳೆಯ ಮೇಷ್ಟ್ರುಗಳೂ ಅವನನ್ನು ಹಿಂದೆ ಹಾಕಿ ಮುಂದೆ ಹೋದರು. ಗ್ಯಾಸಿನ ಮಾತ್ರೆಯ ಪ್ರಶ್ನೆಗಳು ಮತ್ತೆ ಶುರುವಾದವು.

ಹೊಳೆಗೆ ಹೊಸ ನೀರು ಬಂದ ಮೇಲೆ ಒಂದು ಮುಂಜಾನೆ, ಸೇತುವೆಯ ಮೇಲೆ ಯಾರೂ ಇಲ್ಲದ್ದು ನೋಡಿ, ಎರಡು ದೀಪದ ಕಂಬಗಳ ನಡುವಿನಷ್ಟು ದೂರ ಓಡಿದ. ನೋವಿರಲಿಲ್ಲ. ಕಂಬ ಹಿಡಿದು ನಿಂತವನ ಕಣ್ಣಲ್ಲಿ ನೀರು ಬಂತು. ಈ ಸುದ್ದಿ ಹೇಳಬೇಕಾದದ್ದು ಒಬ್ಬನಿಗೆ ಮಾತ್ರ. ಫೋನ್ ಮಾಡಿದ. "ಆಮ್ಯಾಲೆ ಮಾಡ್ತೀನಣ್ಣ, ಲೈನ್ ಮೇಲಿದೀನಿ" ಎಂದ ಪರಶುರಾಮ್ ಮತ್ತೆ ಫೋನ್ ಮಾಡಲಿಲ್ಲ.

ಆ ವರ್ಷದ ಓಟಕ್ಕೂ ಇಬ್ಬರ ಹೆಸರು ಕೊಟ್ಟು, ಅದನ್ನು ಎದುರಿಗೇ ಹೇಳಬೇಕೆಂದು ಸಿದ್ದಲಿಂಗೇಶ್ ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರಿಗೆ ಹೋದ. ಅಡಿಕೆ ತೋಟಗಳು ಕಳೆದು ಮೆಕ್ಕೆಜೋಳದ ಬಯಲು ಬಂತು. ಬರುವುದನ್ನು ಮೊದಲೇ ತಿಳಿಸಿದ್ದರಿಂದ ಪರಶುರಾಮ್ ಬಸ್ ನಿಲ್ದಾಣಕ್ಕೆ ಬಂದಿದ್ದ. ಸ್ವಲ್ಪ ಹೊಟ್ಟೆ ಬಂದಿತ್ತು. ಸಿದ್ದಲಿಂಗೇಶನ ಕಾಲನ್ನೇ ನೋಡಿ, "ಕುಂಟೋದು ಹೋತಲ್ಲಣ್ಣ!" ಎಂದು ಖುಷಿಪಟ್ಟ. ಮನೆಗೆ ಕರೆದೊಯ್ದ.

ಅವನ ತಾಯಿ ಚೌಡಕ್ಕ ಚಾಪೆ ಹಾಸಿದಳು. "ಬರ್ರಿ, ಕುತ್ಕಳ್ರಿ. ನಮ್ಮುಡುಗ ನಿಮ್ಮ ಹೆಸರೇಳದ ದಿನ ಇಲ್ಲ" ಎಂದಳು. ಚಹಾ ಕುಡಿಯುತ್ತ ಸಿದ್ದಲಿಂಗೇಶ್ ಗೋಡೆ ನೋಡಿದ. ಹೂವಿನ ಹಾರ ಹಾಕಿದ ಒಂದು ಫೋಟೋ. ಪರಶುರಾಮನದೇ ಹಣೆ, ಅವನದೇ ನಗು ಇರುವ ಹೆಂಗಸು. ವಯಸ್ಸು ನಲವತ್ತೂ ಇರಲಾರದು.

"ಇವರು?"

ಚೌಡಕ್ಕ ಮಗನ ಮುಖ ನೋಡಿದಳು. ಪರಶುರಾಮ್ ತಲೆ ತಗ್ಗಿಸಿದ.

"ಲಕ್ಷ್ಮಿದೇವಿ. ನಮ್ಮಕ್ಕ. ಹೇಳಿದ್ದೆನಲ್ಲಣ್ಣ."

"ಯಾವಾಗ?"

"ಹೋದ ವರ್ಷ ಮಳೆಗಾಲದಾಗೆ. ಊರಿಗೆ ಹೋಗಿ ಬಂದ ಭಾನುವಾರ. ಸವಳಂಗದ ಏರಿನಾಗೆ."

ಸಿದ್ದಲಿಂಗೇಶನಿಗೆ ಆ ಭಾನುವಾರ ನೆನಪಿತ್ತು. ಆ ದಿನ ಏರನ್ನು ಹಿಂದೆಂದೂ ಇಲ್ಲದಷ್ಟು ಬೇಗ ಹತ್ತಿದ್ದ, ಅದಕ್ಕೇ ನೆನಪಿತ್ತು. ವಾರವೆಲ್ಲ ರಜೆ ಹಾಕಿ ಬಂದಿದ್ದ ಪರಶುರಾಮ್ ಪಕ್ಕದಲ್ಲಿ ಓಡುತ್ತ, "ಅಕ್ಕ ಹೋದ್ಲಣ್ಣ" ಎಂದಿದ್ದ. ಹಬ್ಬಕ್ಕೋ ಏತಕ್ಕೋ ತವರಿಗೆ ಬಂದವಳು ಗಂಡನ ಮನೆಗೆ ಹೋದಳು ಎಂದುಕೊಂಡಿದ್ದ. ಅವನು ಮತ್ತೇನೋ ಹೇಳಲು ಬಾಯಿ ತೆರೆದಾಗ ತಾನು ಆಡಿದ ಮಾತೂ ಈಗ ಸ್ಪಷ್ಟವಾಗಿ ನೆನಪಾಯಿತು. "ಉಸಿರು ಉಳಿಸ್ಕೋ. ಮುಂದೆ ಏರು ಐತೆ."

ಚೌಡಕ್ಕ ಎದ್ದು ಒಳಗೆ ಹೋದಳು.

"ನನಗೆ ಗೊತ್ತಾಗಲಿಲ್ಲ ಪರಶು."

"ಇರ್ಲಿ ಬಿಡ್ರಣ್ಣ. ಓಡೋವಾಗ ಹೇಳಿದ್ದು ನಂದೇ ತಪ್ಪು." ಅವನು ಸಮಾಧಾನ ಮಾಡುವವನಂತೆ ನಕ್ಕ. "ನಿಜ ಹೇಳ್ಲಾ? ಓಡೋದು ಅಂದ್ರೆ ನನಗೆ ಏನೂ ಇಷ್ಟ ಇರಲಿಲ್ಲ. ದಿನಾ ಕಂಬ ಹತ್ತಿ ಇಳಿಯೋನಿಗೆ ಮತ್ತೆ ಓಟ ಯಾಕೆ? ಹೊನ್ನಾಳಿಯಾಗೆ ನನಗೆ ಯಾರಿದ್ರು? ರೂಮಿಗೆ ಹೋದ್ರೆ ಗೋಡೆ. ಬೆಳಗ್ಗೆ ನಿಮ್ಮ ಜೊತೆ ಮಾತಾಡ್ಬೋದು ಅಂತ ಬರ್ತಿದ್ದೆ."

ಸಿದ್ದಲಿಂಗೇಶ್ ಚಹಾದ ಲೋಟ ಕೆಳಗಿಟ್ಟ. ಇಷ್ಟು ದಿನ ತನ್ನ ಜೊತೆ ಓಡಿದವನು ಓಡುತ್ತಲೇ ಇರಲಿಲ್ಲ. ಪಕ್ಕದಲ್ಲೊಬ್ಬ ಕೂಗುತ್ತಿದ್ದ, ತಾನು ಅದನ್ನು ನೀರಿನ ಸದ್ದು ಎಂದುಕೊಂಡಿದ್ದ. ಹೆಸರು ಕೊಟ್ಟ ವಿಷಯವನ್ನು ಹೇಳದೆಯೇ ಎದ್ದ. ಚೌಡಕ್ಕ ರೊಟ್ಟಿ ತಿನ್ನದೆ ಬಿಡಲಿಲ್ಲ. ಬಸ್ಸು ಹೊರಡುವವರೆಗೂ ಪರಶುರಾಮ್ ಕಿಟಕಿಯ ಪಕ್ಕ ನಿಂತಿದ್ದ.

ಡಿಸೆಂಬರಿನಲ್ಲಿ ಸಿದ್ದಲಿಂಗೇಶ್ ದಾವಣಗೆರೆಯಲ್ಲಿ ಒಬ್ಬನೇ ಓಡಿದ. ಮಾತ್ರೆ ನುಂಗಲಿಲ್ಲ, ವಾಚು ಕಟ್ಟಲಿಲ್ಲ. ಸುತ್ತ ಜನವೋ ಜನ, ಎಲ್ಲರಿಗೂ ಜೊತೆಗಾರರು. ಒಂದೇ ಬಣ್ಣದ ಅಂಗಿ ತೊಟ್ಟ ಗೆಳೆಯರ ಗುಂಪು ಹರಟುತ್ತ ಅವನನ್ನು ದಾಟಿ ಹೋಯಿತು. ಸಾಲ ಕೊಡದ ಯಾವುದೋ ಬ್ಯಾಂಕಿನ ಮ್ಯಾನೇಜರನ ಕತೆ ಹೇಳುತ್ತಿದ್ದರು. ಅರ್ಧ ಕೇಳಿಸಿ ನಿಂತಿತು. ಪೂರ್ತಿ ಕೇಳಬೇಕೆನಿಸಿ ಅವರ ಹಿಂದೆ ಸ್ವಲ್ಪ ಜೋರಾಗಿ ಹೋದ, ಆಗಲಿಲ್ಲ. ಕೊನೆಯ ಭಾಗ ಬಹುಪಾಲು ನಡೆದ. ಗುರಿ ಮುಟ್ಟಿದಾಗ ಪೆಂಡಾಲು ಬಿಚ್ಚಲು ಶುರುಮಾಡಿದ್ದರು. ಒಬ್ಬಳು ಹುಡುಗಿ ಕೊರಳಿಗೆ ಪದಕ ಹಾಕಿ, "ಫೋಟೋ ತೆಗೆಯೋರು ಯಾರೂ ಬಂದಿಲ್ವಾ ಸರ್?" ಎಂದು ಕೇಳಿದಳು. ಅವನು ಇಲ್ಲವೆಂದು ತಲೆಯಾಡಿಸಿದ.

ಕಲ್ಪನಾಗೆ ಫೋನ್ ಮಾಡಿ ಕಾಲು ಸರಿಯಿದೆ ಎಂದ. ಆಮೇಲೆ ಫುಟ್‌ಪಾತಿನ ಮೇಲೆ ಕೂತು, ಬಹಳ ಹೊತ್ತು ಯೋಚಿಸಿ, ಪರಶುರಾಮನಿಗೆ ಮಾಡಿದ.

"ಮುಗೀತಪ್ಪ."

"ಹೌದಾ! ಭೇಷ್ ಅಣ್ಣ! ಜೊತೆಗ್ಯಾರಿದ್ರು?"

"ಯಾರೂ ಇರಲಿಲ್ಲ."

"ಅವ್ವ ಹೆಂಗದಾರೆ?" ಎಂದು ಸಿದ್ದಲಿಂಗೇಶ್ ಕೇಳಿದ. "ಅಕ್ಕಂದು ಹೇಳು. ಏನಾಗಿತ್ತು ಅವರಿಗೆ? ನಾನು ಕೂತೀನಿ, ಕೇಳ್ತೀನಿ."

ಪರಶುರಾಮ್ ಹೇಳತೊಡಗಿದ. ಅಕ್ಕನಿಗೆ ಮೊದಲು ಜ್ವರ ಬಂದದ್ದು, ಎರಡು ಊರಿನ ಆಸ್ಪತ್ರೆ ಅಲೆದದ್ದು, ತನ್ನನ್ನು ಚಿಕ್ಕಂದಿನಲ್ಲಿ ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಕೊನೆಗೆ ತನ್ನ ಗುರುತೂ ಹಿಡಿಯದೆ ಹೋದದ್ದು. ಅಷ್ಟರಲ್ಲಿ ಆ ಕಡೆ ಯಾರೋ ಅವನ ಹೆಸರು ಹಿಡಿದು ಕೂಗಿದರು.

"ಸಪ್ಲೈ ಕೊಡಬೇಕಂತಣ್ಣ, ಕರೀತಾವರೆ. ಇನ್ನೊಂದ್ಸಲ ಹೇಳ್ತೀನಿ."

"ನಾಳೆ ಹೇಳ್ತೀಯಾ?"

"ನೋಡಾನಣ್ಣ."

ಫೋನ್ ಇಟ್ಟ ಮೇಲೂ ಸಿದ್ದಲಿಂಗೇಶ್ ಅಲ್ಲೇ ಕೂತಿದ್ದ. ರಸ್ತೆಗೆ ಅಡ್ಡ ಇಟ್ಟಿದ್ದ ಬ್ಯಾರಿಕೇಡುಗಳನ್ನು ಪೊಲೀಸರು ಎತ್ತಿಡುತ್ತಿದ್ದಂತೆ ಆಟೋಗಳು, ಬಸ್ಸುಗಳು ಮತ್ತೆ ನುಗ್ಗಿದವು. ಅವನು ಗೋಡೆ ಹಿಡಿದು ಎದ್ದು, ಬಿಗಿದ ಕಾಲನ್ನು ಎರಡು ಸಲ ನೆಲಕ್ಕೆ ಒತ್ತಿ ನೋಡಿ, ಹೊನ್ನಾಳಿಯ ಬಸ್ಸು ಹಿಡಿಯಲು ನಿಲ್ದಾಣದ ಕಡೆ ನಡೆದ.