ಚರಟದ ಮಣೆ

ಒಲೆಗೆ ಒಂದು ಚೊಂಬು ನೀರು ಸುರಿದು ಪಕ್ಕದ ಮನೆಯ ಬೈರಮ್ಮ ಬೂದಿಯ ಹಬೆಗೆ ಮುಖ ತಿರುಗಿಸಿದಳು.

"ಮಣ್ಣು ಮಾಡಿ ಬರೋಗಂಟ ಈ ಒಲೆ ಹಚ್ಚಂಗಿಲ್ಲ ಕಣಮ್ಮ. ಕಾಫಿ ನಮ್ಮನೆಯಿಂದ ತತ್ತೀನಿ."

ಚಂದ್ರಲೇಖಾ ತಲೆಯಾಡಿಸಿದಳು. ನಡುಮನೆಯಲ್ಲಿ ಅವಳ ಗಂಡ ವೇಣು ಮಲಗಿದ್ದ. ನಿನ್ನೆ ಸಂಜೆ ಎದೆ ಹಿಡಿದುಕೊಂಡು ಜಗಲಿಯ ಮೇಲೆ ಕೂತವನು ಮತ್ತೆ ಎದ್ದಿರಲಿಲ್ಲ. ತಲೆಯ ಹತ್ತಿರ ದೀಪ. ದೀಪದ ಪಕ್ಕ, ಮಡಚಲಾಗದ ಕಾಲುಗಳನ್ನು ಚಾಚಿಕೊಂಡು ಅತ್ತೆ ಗಂಗರತ್ನಮ್ಮ.

"ಮೂರನೇ ದಿನ ಹಾಲುತುಪ್ಪ ಆಗೋವರ್ಗೂ ದೀಪ ಕದಲಿಸಬಾರ್ದು," ಎಂದು ಆಕೆ ಬಂದವರಿಗೆಲ್ಲ ಹೇಳುತ್ತಿದ್ದಳು. "ಎಣ್ಣೆ ಹಾಕಿ, ಜಾಗ ಮಾತ್ರ ಕದಲಿಸ್ಬ್ಯಾಡಿ."

ಜಗಲಿಯಲ್ಲಿ ವೇಣುವಿನ ಚಿಕ್ಕಪ್ಪ ಮುತ್ತರಾಯಪ್ಪ ಕಾಫಿ ಕುಡಿದು ಲೋಟದ ತಳ ನೋಡಿದ.

"ಅವನಿದ್ದಿದ್ರೆ ಈ ಚರಟಾನೂ ಬುಡ್ತಿರ್ಲಿಲ್ಲ. ಹೊಸೂರಿನ ಹೋಟ್ಲೋರೆಲ್ಲ ಚರಟದ ವೇಣು ಅಂತಲೇ ಕರೀತಿದ್ರು."

ಒಬ್ಬಿಬ್ಬರು ನಕ್ಕರು. ಒಳಗೆ ಮಲಗಿದವನ ನೆನಪಾಗಿ ನಗು ಅಲ್ಲೇ ನಿಂತಿತು.

ಅಷ್ಟರಲ್ಲಿ ಗಿರಿಯ ಆಟೋ ಬಂತು. ಚರಟದ ಸಾಮಾನು ಮಾಡುವ ಜೂಜುವಾಡಿಯ ಶೆಡ್ಡಿನಲ್ಲಿ ವೇಣುವಿನ ಜೊತೆ ದುಡಿಯುತ್ತಿದ್ದವನು. ಒದ್ದೆ ಗೋಣಿಯಲ್ಲಿ ಸುತ್ತಿದ ಒಂದು ಅಚ್ಚನ್ನು ಎದೆಗವಚಿಕೊಂಡು ಇಳಿದ.

"ಅತ್ಗೆ, ಇದು ಇವತ್ತೇ ಒಲೆಗೆ ಹೋಗ್ಬೇಕಿತ್ತು. ಶೆಡ್ಡಲ್ಲಿ ನಾನೊಬ್ಬನೇ ಹಚ್ಚಕ್ಕೆ ಕೈ ಬರ್ಲಿಲ್ಲ."

⁂

ಮಂಡಿಚಿಪ್ಪು ಸವೆದಿದೆ, ನೆಲದ ಮೇಲೆ ಕೂರಬೇಡಿ ಎಂದು ಡಾಕ್ಟರು ಗಂಗರತ್ನಮ್ಮನಿಗೆ ಹೇಳಿದ ವಾರವೇ ವೇಣು ಅವಳ ಮಣೆಗಾಗಿ ಆ ಅಚ್ಚು ಮಾಡಿಸಿದ್ದ. ಪ್ಲಾಸ್ಟಿಕ್ ಕುರ್ಚಿ ಎತ್ತರ, ಮರದ ಮಣೆ ತಗ್ಗು ಎಂದು ಅವನವ್ವ ಎರಡನ್ನೂ ತಳ್ಳಿಹಾಕಿದ್ದಳು. ಅಚ್ಚಿಗೆ ಹಬೆಯಲ್ಲಿ ಬೇಯಿಸಿದ ಕಾಫಿ ಚರಟ ತುಂಬಿ, ಅಣಬೆ ಬೀಜ ಬೆರೆಸಿಟ್ಟ. ಕೆಲವೇ ದಿನಗಳಲ್ಲಿ ಬಿಳಿ ಎಳೆಗಳು ಹಬ್ಬಿ ಚರಟವನ್ನೆಲ್ಲ ಹೊಲಿದಂತೆ ಹಿಡಿದುಕೊಳ್ಳುತ್ತವೆ. ಈ ವಿದ್ಯೆ ಓದಿಕೊಂಡು ಬಂದವಳು ಚಂದ್ರಲೇಖಾ. ಅದರ ಹುಚ್ಚು ಹಿಡಿದದ್ದು ಅವನಿಗೆ.

"ಬೂಷ್ಟು ಹಿಡಿದಿರೋದ್ರ ಮ್ಯಾಲೆ ಕೂತ್ಕಬೇಕೇನ್ಲಾ ನಾನು?" ಗಂಗರತ್ನಮ್ಮ ಮೂಗು ಮುಚ್ಚಿಕೊಂಡಿದ್ದಳು.

"ಒಲೇಲಿ ಕಾಯಿಸಿದ್ರೆ ಅದು ಸತ್ತೋಗ್ತದೆ ಕಣವ್ವ. ಆಮೇಲೆ ಮರದಂಗೆ ಗಟ್ಟಿ, ಬೆಂಡಿನಂಗೆ ಹಗುರ."

"ಕಾಯಿಸದಿದ್ರೆ?"

"ಅಣಬೆ ಬತ್ತದೆ. ಸಾರು ಮಾಡ್ಕೊಂಡು ಉಣ್ಣು."

⁂

"ಊರ ಬೇಕರಿಯಲ್ಲಿ ಕೇಳು ಗಿರಿ. ಅಲ್ಲೇ ಕಾಯಿಸ್ಕೊಂಡು ಬಾ," ಎಂದಳು ಚಂದ್ರಲೇಖಾ.

ಮುತ್ತರಾಯಪ್ಪ ಮೇಲೆದ್ದ. "ಹೆಣ ಒಳಗೈತೆ. ಇದೇ ಹೊತ್ತಿಗೆ ಬೇಕೇನಮ್ಮ ಅದು?"

"ನಾಳೆಗೆ ಕೆಟ್ಟುಹೋಗುತ್ತೆ ಮಾವ. ಉಳಿದದ್ದೆಲ್ಲ ಮಾರೋಕೆ ಅಂತ ಮಾಡಿದ್ದು. ಮನೆಗೆ ಅಂತ ಅವರು ಮಾಡಿದ್ದು ಇದೊಂದೇ."

ಒಳಗಿನಿಂದ ಗಂಗರತ್ನಮ್ಮ ಕೇಳಿದಳು: "ಏನದು? ಇಲ್ಲಿ ತತ್ತಾ."

ಗಿರಿ ಗೋಣಿ ಬಿಚ್ಚಿದ. ಅಚ್ಚಿನ ತುಂಬ ಸುಣ್ಣ ಬಳಿದಂಥ ಬಿಳುಪು. ಒಂದು ಅಂಚಿನಲ್ಲಿ ಸಾಸಿವೆಯಷ್ಟು ಸಣ್ಣ ಮೊಗ್ಗುಗಳು ಆಗಲೇ ಎದ್ದಿದ್ದವು. ಗಂಗರತ್ನಮ್ಮ ಅಂಗೈ ಇಟ್ಟು ನೋಡಿದಳು. ತುಸು ಬೆಚ್ಚಗಿತ್ತು. ಮಗನ ಕೈ ಮುಟ್ಟಿದಳು. ಮತ್ತೆ ಅಚ್ಚನ್ನು ಮುಟ್ಟಿದಳು.

"ಇದಕ್ಕಿನ್ನೂ ಜೀವ ಐತಾ?"

"ಇದೆ ಅತ್ತೆ."

"ಹಂಗಾದ್ರೆ ಬ್ಯಾಡ."

"ಕಾಯಿಸದಿದ್ರೆ ಕೂರೋಕಾಗಲ್ಲ. ಮೆತ್ತಗಾಗಿ ಕೊಳೆತುಹೋಗುತ್ತೆ. ನಿಮಗೋಸ್ಕರ ಮಾಡಿದ್ದು."

"ಇಷ್ಟು ವರ್ಸ ನೆಲದ ಮ್ಯಾಲೇ ಕೂತಿವ್ನಿ. ಇನ್ನೂ ಕೂತ್ಕತೀನಿ. ಜೀವ ಇರೋದನ್ನ ಇವತ್ತು ಯಾರೂ ಒಲೆಗೆ ಹಾಕ್ಬ್ಯಾಡಿ."

ಚಂದ್ರಲೇಖಾಗೆ ಗೊತ್ತಿದ್ದದ್ದೆಲ್ಲ ಸರಿಯಾಗಿಯೇ ಇತ್ತು. ಆದರೂ ಅವಳು ಅಚ್ಚನ್ನು ಗೋಡೆಗೆ ಒರಗಿಸಿಟ್ಟಳು.

ಮಧ್ಯಾಹ್ನ ರಾಗಿ ಹೊಲದ ಅಂಚಿನಲ್ಲಿ, ಅಪ್ಪನ ಪಕ್ಕದಲ್ಲೇ ವೇಣುವನ್ನು ಮಣ್ಣು ಮಾಡಿದರು. ಬಂದವರೆಲ್ಲ ಕೈಕಾಲು ತೊಳೆದು, ದೀಪ ನೋಡಿ, ಒಬ್ಬೊಬ್ಬರೇ ಹೊರಟರು. ಗಿರಿ ಹೋಗುವ ಮುಂಚೆ ಬಾಗಿಲಲ್ಲಿ ನಿಂತ.

"ಹೋಟ್ಲಣ್ಣ ಇವತ್ತೂ ಚರಟದ ಬಕೆಟ್ ತುಂಬಿಟ್ಟಿದ್ನಂತೆ. ನಾಳೆಗೆ ಏನು ಹೇಳ್ಲಿ ಅತ್ಗೆ?"

"ತಗೊಂಡು ಬಾ," ಎಂದಳು.

ಸಂಜೆ ಮನೆ ಖಾಲಿಯಾಯಿತು. ವೇಣು ಮಲಗಿದ್ದ ಜಾಗದಲ್ಲಿ ಈಗ ದೀಪ, ಒಂದು ಲೋಟ ನೀರು. "ಆ ಮಣೇನೂ ಅಲ್ಲೇ ಇಡವ್ವ, ಗೋಡೆ ಹತ್ರ ಇರುವೆ ಬತ್ತವೆ," ಎಂದಳು ಗಂಗರತ್ನಮ್ಮ. ಚಂದ್ರಲೇಖಾ ಅಚ್ಚಿನಿಂದ ಮಣೆಯನ್ನು ಬಿಡಿಸಿ ದೀಪದ ಪಕ್ಕ ಇಟ್ಟಳು, ಬೆರಳು ಅದ್ದಿ ನೀರು ಚಿಮುಕಿಸಿದಳು. ಹಿತ್ತಲಿಗೆ ಹೋಗಿ ಕೈ ತೊಳೆದು ಬಂದವಳು ಹೊಸ್ತಿಲಲ್ಲೇ ನಿಂತಳು.

ಅತ್ತೆ ಒಂದು ಕೈಯನ್ನು ನೆಲಕ್ಕೆ ಊರಿ, ಇನ್ನೊಂದರಲ್ಲಿ ಉರಿಯುವ ದೀಪ ಹಿಡಿದುಕೊಂಡು, ಮಣೆಗೆ ಕಾವು ತಾಗದಂತೆ ಅದನ್ನು ಒಂದು ಗೇಣು ಆಚೆ ಸರಿಸುತ್ತಿದ್ದಳು.