ನಾಲ್ಕು ಬೆರಳಿನ ಜಾಗ

"ಉಸಿರು ಒಳಗೆ ಎಳ್ಕೊಳ್ಳಿ," ಎಂದಳು ಹೆಂಡತಿ ಪುಷ್ಪಮ್ಮ.

ಹೂವಪ್ಪ ಎಳೆದುಕೊಂಡ. ಅವಳು ಅವನ ಮುಂದೆ ಮಂಡಿಯೂರಿ ಕುಳಿತು, ಖಾಕಿ ಪ್ಯಾಂಟಿನ ಗುಂಡಿಯನ್ನು ಆ ಕಡೆಯಿಂದಲೂ ಅದರ ಕಾಜವನ್ನು ಈ ಕಡೆಯಿಂದಲೂ ಎಳೆದು, ಮಾತು ಬಿಟ್ಟ ಅಣ್ಣತಮ್ಮಂದಿರನ್ನು ರಾಜಿ ಮಾಡಿಸುವವಳ ಹಾಗೆ ಹತ್ತಿರ ತಂದಳು. ಗುಂಡಿ ಒಳಗೆ ಹೋಯಿತು.

"ಈಗ ಬಿಡಿ."

ಬಿಟ್ಟ. ಗುಂಡಿ ಕಿತ್ತು ಹಾರಲಿಲ್ಲ, ಆದರೆ ಅದರ ಸುತ್ತಲಿನ ಬಟ್ಟೆ ಗಾಳಿ ತುಂಬಿದ ಕೆನ್ನೆಯ ಹಾಗೆ ಬಿಗಿದುಕೊಂಡಿತು.

"ಹೋದ ತಿಂಗಳು ಸಲೀಸಾಗಿ ಹೋಗ್ತಿತ್ತಲ್ಲೇ," ಎಂದ ಹೂವಪ್ಪ. ಅವನ ಗಾತ್ರಕ್ಕೆ ಒಪ್ಪದಷ್ಟು ಸಣ್ಣ ದನಿ.

"ಒಗೆದಿದ್ದಲ್ವಾ, ಬಟ್ಟೆ ಕುಗ್ಗಿರ್ತದೆ."

"ಬಟ್ಟೆ ಕುಗ್ಗಿದ್ದೋ, ನಾನು ಹಿಗ್ಗಿದ್ದೋ?"

ಬೇರೆ ದಿನವಾಗಿದ್ದರೆ ಈ ಮಾತಿಗೆ ಅವನೇ ಮೊದಲು ನಗುತ್ತಿದ್ದ. ಇದು ಹಿಗ್ಗುವ ದಿನವಾಗಿರಲಿಲ್ಲ.

ತೀರ್ಥಹಳ್ಳಿಯಿಂದ ಉಡುಪಿಗೆ ಹೋಗುವ ಗಿಡ್ಡ ಬಸ್ಸಿನ ಡ್ರೈವರು ಹೂವಪ್ಪ ಹೆಸರಿಗೆ ಮಾತ್ರ ಹೂವು. ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳುವಾಗ ಸಾಗರದಿಂದ ಸಿಮೆಂಟಿನ ಲಾರಿ ಓಡಿಸುತ್ತಿದ್ದ. ಅಣೆಕಟ್ಟು ಮೇಲೇರಿದ ಹಾಗೆ ಅವನ ಹೊಟ್ಟೆ ಮುಂದೆ ಬಂತು. ಅಣೆಕಟ್ಟಿನ ಕೆಲಸ ಮುಗಿಯಿತು, ನೀರು ನಿಂತಿತು, ಹೊಸನಗರದ ಕಡೆ ಅವನಪ್ಪ ಗೇಣಿಗೆ ಮಾಡುತ್ತಿದ್ದ ಗದ್ದೆ ಅದೇ ನೀರಿನಡಿಗೆ ಹೋಯಿತು. ಹೊಟ್ಟೆ ಮಾತ್ರ ಎಲ್ಲೂ ನಿಲ್ಲಲಿಲ್ಲ. ಗದ್ದೆ ಹೋದ ಮೇಲೆ ಅವನ ಕೈಯಲ್ಲಿ ಉಳಿದದ್ದು ಸ್ಟೀರಿಂಗ್ ಒಂದೇ. ಆ ಹೊಟ್ಟೆಪಾಡಿಗೆ ಹೊಟ್ಟೆಯೇ ಅಡ್ಡ ಬಂದದ್ದು ಹೋದ ವರ್ಷ. ಆಗುಂಬೆ ಘಾಟಿಯ ಒಂದು ತಿರುವಿನಲ್ಲಿ ಸ್ಟೀರಿಂಗನ್ನು ಪೂರ್ತಿ ತಿರುಗಿಸುವ ಹೊತ್ತಿಗೆ ಅದರ ಅಂಚು ಹೊಟ್ಟೆಯ ಮಡಿಕೆಯಲ್ಲಿ ಸಿಕ್ಕಿಕೊಂಡಿತು. ಬಸ್ಸು ರಸ್ತೆಯ ಕಟ್ಟೆಗೆ ಮೂತಿ ತಾಗಿಸಿ ನಿಂತಿತು. ಕಟ್ಟೆಯಾಚೆ ಕಾಣುತ್ತಿದ್ದದ್ದು ಮರಗಳ ನೆತ್ತಿ ಮಾತ್ರ. ಯಾರಿಗೂ ಏನೂ ಆಗಲಿಲ್ಲ. ಒಬ್ಬಳು ಮುದುಕಿ ಮಾತ್ರ ಇಳಿದು, ಒಂದೂ ಮಾತಾಡದೆ, ಗಂಟನ್ನು ತಲೆಯ ಮೇಲಿಟ್ಟುಕೊಂಡು ಘಟ್ಟ ಇಳಿಯುತ್ತ ನಡೆದೇಬಿಟ್ಟಳು. ಹೂವಪ್ಪನಿಗೆ ಬೈದಿದ್ದರೂ ಅಷ್ಟು ತಾಗುತ್ತಿರಲಿಲ್ಲ.

ಬಸ್ಸಿನ ಧಣಿ ಮುಕುಂದಯ್ಯನವರು ಕರೆಸಿದರು. ಮೂಗಿನಲ್ಲಿ ಮಾತಾಡುವವರು ಅವರು.

"ನಿನ್ನ ತಪ್ಪನ್ನ ನಾನು ಹೊಟ್ಟೆಗೆ ಹಾಕ್ಕೊಳ್ಬೋದು ಹೂವಪ್ಪ. ನಿನ್ನ ಹೊಟ್ಟೇನ ಎಲ್ಲಿ ಹಾಕ್ಕೊಳ್ಳಲಿ ಹೇಳು? ಹೊಟ್ಟೆಗೂ ಸ್ಟೀರಿಂಗಿಗೂ ಮಧ್ಯ ನನ್ನ ನಾಲ್ಕು ಬೆರಳು ಹೋಗ್ಬೇಕು. ಹೋದ ದಿನ ಬಾ, ಸೀಟು ನಿಂದು. ಹೋಗ್ದಿದ್ರೆ ನನ್ನ ಇನ್ನೊಂದು ಬಸ್ಸಿನ ನಿಂಗಪ್ಪಂಗೆ ಎರಡು ಟ್ರಿಪ್ಪೂ ಕೊಡ್ತೀನಿ."

ಹಾಗೆ ಹೂವಪ್ಪ ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಯ ಮೇಜಿನ ಮೇಲೆ ಮಲಗಿದ. ಡಾಕ್ಟರು ಜೋತುಬಿದ್ದ ಹೊಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ನೋಡಿ, "ಇದನ್ನು ಕೊಯ್ದು ತೆಗೆಯುವ," ಎಂದರು. "ಆದರೆ ಒಂದು ಮಾತು. ತೆಗೆಯುವುದು ನಾವು, ಪುನಃ ಬಾರದ ಹಾಗೆ ನೋಡಿಕೊಳ್ಳುವುದು ನೀವು. ಹಗುರದ್ದು ತಿನ್ನಬೇಕು, ಗೊತ್ತಾಯ್ತಲ್ಲ? ಪುನಃ ಬಂದರೆ ಅದೇ ಜಾಗದಲ್ಲಿ ಮತ್ತೊಮ್ಮೆ ಕತ್ತಿ ಹಾಕಲಿಕ್ಕೆ ನಾನಿಲ್ಲ."

ಒಂದು ಹಲಸಿನಕಾಯಿಯಷ್ಟು ಕೊಬ್ಬು ಹೋಯಿತೆಂದು ನರ್ಸಮ್ಮ ಹೇಳಿದಳು. ಎಚ್ಚರವಾದ ಮಾರನೆಯ ದಿನವೇ ಹೂವಪ್ಪ ಪಕ್ಕದ ಮಂಚದವರಿಗೆ ಡಾಕ್ಟರರನ್ನು ಆಡಿ ತೋರಿಸಿದ. "ತೆಗೆಯುವುದು ನಾವು, ಗೊತ್ತಾಯ್ತಲ್ಲ?" ಎಂದು ಅವರದೇ ಗಂಟಲಿನಲ್ಲಿ ಅಂದಾಗ ಬಾಗಿಲಾಚೆ ಇದ್ದ ಆಯಾ ಡಾಕ್ಟರೇ ಬಂದರೆಂದು ಪೊರಕೆ ಮುಚ್ಚಿಟ್ಟಳು. ಮುಕುಂದಯ್ಯನವರ ಮೂಗು, ನಿಂಗಪ್ಪನ ಉಗ್ಗು, ಹಳೇ ಬಸ್ಸು ಎರಡನೇ ಗೇರಿಗೆ ಬೀಳುವಾಗ ಮಾಡುವ ನರಳಾಟ, ಎಲ್ಲವೂ ಅವನ ಬಾಯಲ್ಲಿತ್ತು. ನಕ್ಕರೆ ಹೊಲಿಗೆ ಎಳೆಯುತ್ತದೆಂದು ಬೇರೆಯವರನ್ನು ಮಾತ್ರ ನಗಿಸಿದ, ತಾನು ನಗಲಿಲ್ಲ.

ಮನೆಗೆ ಬಂದ ಮೇಲೆ ಹಗುರದ್ದನ್ನು ಹುಡುಕುವ ಕೆಲಸ ಪುಷ್ಪಮ್ಮನದಾಯಿತು. ಅವಳು ಅದನ್ನು ಶ್ರದ್ಧೆಯಿಂದ ಮಾಡಿದಳು. ಕಡುಬನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದಳು, ಕಲ್ಲು. ಅಕ್ಕಿ ರೊಟ್ಟಿ, ಅದೂ ಭಾರ. ಅನ್ನವಂತೂ ಕೇಳುವುದೇ ಬೇಡ. ಕೊನೆಗೆ ಮಂಡಕ್ಕಿ ಸಿಕ್ಕಿತು. ಮೊರದಂಥ ಗೆರಸಿ ತುಂಬ ಸುರಿದರೂ ಗೆರಸಿಗೆ ಗೊತ್ತಾಗದು, ಊದಿದರೆ ಹಾರಿಹೋಗುವುದು. ಅದರ ಜೊತೆಗೆ ಅರಳು, ಕರಿದ ಹಪ್ಪಳ. ಒಗ್ಗರಣೆಗೆ ಎಣ್ಣೆ ಧಾರಾಳ ಬಿದ್ದರೂ ಅವಳು ಹೆದರಲಿಲ್ಲ, ನೀರಿನ ಮೇಲೆ ತೇಲುವ ಎಣ್ಣೆಗಿಂತ ಹಗುರದ್ದು ಯಾವುದಿದೆ? ಮಂಡಕ್ಕಿಯಿಂದ ಹೊಟ್ಟೆ ತುಂಬುವುದಿಲ್ಲವಾದ್ದರಿಂದ ಹೂವಪ್ಪ ಬೆಳಿಗ್ಗೆ ಕೂತರೆ ಸಂಜೆಯವರೆಗೂ ತಿನ್ನುತ್ತಿದ್ದ. ಡಾಕ್ಟರು ಹೇಳಿದ ಮಾತನ್ನು ಒಂದಕ್ಷರ ಮೀರಲಿಲ್ಲ.

ಆದರೂ ಬರುತ್ತಿತ್ತು. ಮೊದಲು ಅವನು ನಂಬಲಿಲ್ಲ. ಬಚ್ಚಲಲ್ಲಿ ಮೈಗೆ ನೀರು ಹೊಯ್ದುಕೊಳ್ಳುವಾಗ ಸೊಂಟದ ಈ ಬದಿಯಿಂದ ಆ ಬದಿಗೆ ಹರಿದ ಹೊಲಿಗೆಯ ಗುರುತನ್ನು ಬೆರಳಿನಿಂದ ಹುಡುಕುತ್ತಿದ್ದ. ದಿನ ಹೋದ ಹಾಗೆ ಆ ಗುರುತು ಕಣ್ಣಿಗೆ ಕಾಣದಾಯಿತು. ಅದರ ಮೇಲಿನಿಂದ ಮೆತ್ತಗಿನದೇನೋ ಇಳಿದು ಅದನ್ನು ಮುಚ್ಚುತ್ತಿತ್ತು. ಬಸ್ ಸ್ಟ್ಯಾಂಡಿನ ಹೋಟೆಲಿನ ಸುಬ್ಬಪ್ಪ ಒಂದು ದಿನ ತಮಾಷೆಗೆ ಹೇಳಿದ: "ಬಾಳೆಗಿಡ ಕಡಿದು ನೋಡು ಹೂವಪ್ಪಣ್ಣ. ಬೆಳಿಗ್ಗೆ ಕಡಿದ್ರೆ ಸಾಯಂಕಾಲಕ್ಕೆ ನಡುವಿಂದ ಒಂದು ಗೇಣು ಮೇಲೆ ಬಂದಿರ್ತದೆ. ನಿಂದೂ ಹಂಗೆಯಾ ಎಂತದು?" ಎಲ್ಲರೂ ನಕ್ಕರು. ಅವತ್ತು ಮನೆಗೆ ಬಂದು ಹಿತ್ತಿಲಲ್ಲಿ ಗೊನೆ ಕಡಿದ ಬಾಳೆಯ ಬುಡವನ್ನು ಹೂವಪ್ಪ ನೋಡಿದ. ನಡುವಿನಿಂದ ಬಿಳಿಯ ಸುಳಿ ಮೇಲೆದ್ದಿತ್ತು. ಕೊಯ್ಯುವುದಕ್ಕೆ ಇನ್ನು ಯಾರೂ ಇಲ್ಲ. ಕೊಯ್ದದ್ದೂ ಫಲಿಸದಿದ್ದರೆ ಇದರಾಚೆ ಬೇರೆ ಏನೂ ಇಲ್ಲ.

ಈ ಬೆಳಿಗ್ಗೆ ಗುಂಡಿ ಹಾಕಿಸಿಕೊಂಡು ಹೋದಾಗ ಬಸ್ ಸ್ಟ್ಯಾಂಡಿನಲ್ಲಿ ಮುಕುಂದಯ್ಯ ಕೊಡೆ ಊರಿಕೊಂಡು ನಿಂತಿದ್ದರು. ಹೂವಪ್ಪ ಅವರಿಗೆ ಕೈಮುಗಿದು, ಡ್ರೈವರ್ ಬಾಗಿಲಿನಿಂದ ಹತ್ತುವ ಮೊದಲೇ ಉಸಿರೆಳೆದುಕೊಂಡು, ಸೀಟಿನಲ್ಲಿ ಕುಳಿತ. ಪ್ರಯಾಣಿಕರು ಕಿಟಕಿಯಿಂದ ಇಣುಕಿದರು. ಮುಕುಂದಯ್ಯ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಬಲಗೈಯ ಬೆರಳುಗಳನ್ನು ಜೋಡಿಸಿ, ಸ್ಟೀರಿಂಗಿನ ಅಂಚಿಗೂ ಅಂಗಿಗೂ ನಡುವೆ ತೂರಿಸಿದರು. ಉಂಗುರದ ಬೆರಳಿನ ಹತ್ತಿರ ಸ್ವಲ್ಪ ತಡೆಯಿತು. ಹೂವಪ್ಪ ಬೆನ್ನನ್ನು ಸೀಟಿಗೆ ಒತ್ತಿದ. ಕಿವಿಯೊಳಗೆ ಜುಂಯ್ ಎನ್ನುತ್ತಿತ್ತು. ಬೆರಳುಗಳು ಒಳಗೆ ಹೋದವು.

"ಹೋಯ್ತು ಮಾರಾಯ," ಎಂದರು ಮುಕುಂದಯ್ಯ ಮೂಗಿನಲ್ಲಿ, ಸಂತೋಷದಿಂದಲೇ. "ಸೀಟು ನಿಂದು. ಎಂತ, ಖುಷಿಯಾಗ್ಲಿಲ್ವಾ? ಬಾಯಿ ಬಿಡು."

ಬಾಯಿ ಬಿಟ್ಟರೆ ಉಸಿರು ಹೋಗುತ್ತಿತ್ತು. ಹೂವಪ್ಪ ತಲೆಯಾಡಿಸಿದ.

ಅವರು ಇಳಿದು ಆಚೆ ತಿರುಗಿದ ಮೇಲೆ ಅವನು ಉಸಿರನ್ನು ಎಳೆ ಎಳೆಯಾಗಿ ಹೊರಗೆ ಬಿಟ್ಟ. ಅಂಗಿ ಮುಂದೆ ಬಂದು ಸ್ಟೀರಿಂಗಿಗೆ ತಾಗಿ ಕೂತಿತು. ಅಷ್ಟರಲ್ಲಿ ಹಿಂದಿನ ಬಾಗಿಲಿನಿಂದ ಪುಷ್ಪಮ್ಮ ಹತ್ತಿಬಂದು, ಬಟ್ಟೆಯ ಗಂಟು ಮಡಿಲಲ್ಲಿಟ್ಟುಕೊಂಡು, ಅವನ ಹಿಂದಿನ ಸೀಟಿನಲ್ಲೇ ಕುಳಿತಳು.

"ನೀನೆಲ್ಲಿಗೆ?"

"ಉಡುಪಿ ದೇವರಿಗೆ ಹರಕೆ ಹೇಳ್ಕಂಡಿದ್ದೆ. ಇವತ್ತೇ ತೀರಿಸ್ತೀನಿ. ನೀವು ಓಡಿಸೋ ಬಸ್ಸಲ್ಲೇ ಹೋಗ್ಬೇಕು ಅಂತ ಇತ್ತು."

ಕಂಡಕ್ಟರ್ ಗಜಾನನ ಸೀಟಿ ಊದಿದ. ಬಸ್ಸು ಹೊರಟಿತು.

ಆಗುಂಬೆಯವರೆಗಿನ ರಸ್ತೆ ಕಷ್ಟದ್ದಲ್ಲ. ಆದರೂ ಸಣ್ಣ ತಿರುವು ಬಂದಾಗಲೆಲ್ಲ ಹೂವಪ್ಪ ಉಸಿರೆಳೆದು ಹಿಡಿಯುತ್ತಿದ್ದ, ನೇರವಾದ ಮೇಲೆ ಬಿಡುತ್ತಿದ್ದ. ಇಷ್ಟು ವರ್ಷ ಬಸ್ಸು ಬಿಟ್ಟವನಿಗೆ ಈಗ ಬಸ್ಸು ಬಿಡಬೇಕಾದರೆ ಉಸಿರು ಬಿಡುವಂತಿರಲಿಲ್ಲ. ಮೇಗರವಳ್ಳಿ ದಾಟಿದ ಮೇಲೆ ಒಂದು ತಿರುವಿನಲ್ಲಿ, ಎದುರಿಗೆ ಯಾರೂ ಇಲ್ಲದ್ದು ನೋಡಿ, ಬೇಕೆಂದೇ ಉಸಿರು ಬಿಟ್ಟು ತಿರುಗಿಸಿದ. ಸ್ಟೀರಿಂಗಿನ ಅಂಚು ಅಂಗಿಯನ್ನು ಉಜ್ಜಿಕೊಂಡು ಹೋಯಿತು. ಸಿಕ್ಕಿಕೊಳ್ಳಲಿಲ್ಲ. ಉಜ್ಜಿತು, ಅಷ್ಟೇ. ಆದರೆ ಇದು ಅರ್ಧ ತಿರುವು. ಘಾಟಿಯಲ್ಲಿ ಕೈ ಮೇಲೆ ಕೈ ಹಾಕಿ ಪೂರ್ತಿ ತಿರುಗಿಸಬೇಕು, ತಿರುಗಿಸಿದ್ದನ್ನು ಆ ಕೂಡಲೇ ಬಿಚ್ಚಬೇಕು. ಬೆವರು ಅವನ ಕಿವಿಯ ಹಿಂದಿನಿಂದ ಕಾಲರಿನೊಳಗೆ ಇಳಿಯಿತು. ಹಿಂದೆ ಯಾರೋ ವೀಳ್ಯ ಮೆಲ್ಲುತ್ತ ಮದುವೆಯ ಮಾತಾಡುತ್ತಿದ್ದರು. ಪುಷ್ಪಮ್ಮನ ಬಳೆಯ ಸದ್ದು ಬಸ್ಸು ಕುಲುಕಿದಾಗಲೆಲ್ಲ ಕೇಳಿಸುತ್ತಿತ್ತು.

ಆಗುಂಬೆಯಲ್ಲಿ ಎಲ್ಲರೂ ಚಾ ಕುಡಿಯಲು ಇಳಿದರು. ಹೂವಪ್ಪ ಸೀಟಿನಿಂದ ಏಳಲಿಲ್ಲ. ಪುಷ್ಪಮ್ಮ ಗಂಟು ಬಿಚ್ಚಿ ಮಂಡಕ್ಕಿಯ ಪೊಟ್ಟಣ ಅವನ ಮುಂದೆ ಹಿಡಿದಳು. ಒಗ್ಗರಣೆಯ ಎಣ್ಣೆ ಕಾಗದದ ಹೊರಗೆಲ್ಲ ಮೂಡಿತ್ತು. ಟಿಕೇಟಿನ ಚೀಲ ಸರಿಮಾಡಿಕೊಳ್ಳುತ್ತಿದ್ದ ಗಜಾನನ ನೋಡಿದ. ಅವನು ಘಟ್ಟದ ಕೆಳಗೆ, ಹೆಬ್ರಿಯ ಕಡೆಯವನು.

"ಎಂತ ಅಕ್ಕ, ಆಪರೇಷನ್ ಆದವರಿಗೆ ಇದು ಕೊಡುವುದಾ?"

"ಡಾಕ್ಟ್ರೇ ಹೇಳಿದ್ದು. ಹಗುರದ್ದು ಮಾತ್ರ ತಿನ್ಬೇಕು ಅಂತ. ಬೇರೆ ಎಂತದೂ ಮುಟ್ಸಿಲ್ಲ ನಾನು. ಇಡೀ ದಿನ ಇದೇ."

ಗಜಾನನ ನಗಲಿಕ್ಕೆ ಹೊರಟವನು ಅವಳ ಮುಖ ನೋಡಿ ಅರ್ಧದಲ್ಲಿ ನಿಲ್ಲಿಸಿದ. "ಅಕ್ಕ, ಹಗುರ ಅಂತ ಹೇಳಿದ್ರೆ ತಕ್ಕಡಿಗೆ ಅಲ್ಲ ಮಾರಾಯ್ರೆ. ಹೊಟ್ಟೆಗೆ ಹಗುರ. ಗಂಜಿ, ಸೊಪ್ಪು, ಮಜ್ಜಿಗೆ, ಅದೂ ಸ್ವಲ್ಪ ಸ್ವಲ್ಪ. ಎಣ್ಣೆ ಹಾಕಿ ಇಡೀ ದಿನ ತಿಂದ್ರೆ ಕೊಯ್ದದ್ದು ಪುನಃ ಬಾರದೆ ಇರ್ತದಾ?"

ಪುಷ್ಪಮ್ಮ ಪೊಟ್ಟಣವನ್ನು ಹಿಂದಕ್ಕೆ ತೆಗೆದುಕೊಂಡಳು. ಅದನ್ನು ಅಂಗೈಯಲ್ಲಿ ಹಿಡಿದು ನೋಡುತ್ತ ಇದ್ದಳು. ಈಗಲೂ ಅದಕ್ಕೆ ಏನೂ ತೂಕವಿರಲಿಲ್ಲ.

"ನಾನೇ ಕೈಯಾರೆ..." ಎಂದಳು.

"ಬಿಡೇ," ಎಂದ ಹೂವಪ್ಪ. ಒಂದು ಕ್ಷಣ ಅವನಿಗೆ ಎದೆಯ ಮೇಲಿನ ಕಲ್ಲು ಜಾರಿದ ಹಾಗಾಯಿತು. ಹಾಗಾದರೆ ಕತ್ತಿ ಸೋತದ್ದಲ್ಲ. ತಾನು ಬಾಳೆಯ ಬುಡವೂ ಅಲ್ಲ. ಮಜ್ಜಿಗೆ ಕುಡಿದುಕೊಂಡಿದ್ದರೆ ಹೊಟ್ಟೆ ಇಳಿದೀತು. ಆದರೆ ಗಾಜಿನಾಚೆ ರಸ್ತೆ ಕಣ್ಣಮುಂದೆಯೇ ಇಳಿಯುತ್ತಿತ್ತು, ಮೊದಲ ತಿರುವಿನವರೆಗೆ ಕಂಡು ಆಮೇಲೆ ಇಲ್ಲವಾಗುತ್ತಿತ್ತು. ಜಾರಿದ ಕಲ್ಲು ಹೊಟ್ಟೆಯೊಳಗೇ ಬಂದು ಕೂತಿತು.

ಚಾ ಕುಡಿದವರು ಒಬ್ಬೊಬ್ಬರೇ ಹತ್ತಿದರು. ಗಜಾನನ ಬಾಗಿಲು ಹಾಕಿ ಸೀಟಿಯನ್ನು ಬಾಯಿಗಿಟ್ಟ.

"ಪುಷ್ಪ," ಎಂದ ಹೂವಪ್ಪ, ತಿರುಗದೆ. ಜನರ ಎದುರು ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ನೀನು ಇಲ್ಲೇ ಇಳ್ಕ. ಸಂಜೆ ವಾಪಸ್ ಬರ್ತಾ ಕರ್ಕಂಡು ಹೋಗ್ತೀನಿ."

"ಎಂತಕ್ಕೆ?"

"ಹರಕೆ ಇನ್ನೊಂದಿನ ತೀರಿಸಿದ್ರಾಯ್ತು. ಇಳಿ ಅಂದ್ರೆ ಇಳಿ."

ಅವಳು ಕನ್ನಡಿಯಲ್ಲಿ ಅವನ ಮುಖವನ್ನು ನೋಡಿದಳು. ಬೆಳಿಗ್ಗೆ ಗುಂಡಿ ಹಾಕಿದವಳು ಅವಳೇ. ನಾಲ್ಕು ಬೆರಳು ಹೇಗೆ ಹೋದವೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಅವಳು ಎದ್ದು ಅವನ ಕಿವಿಯ ಹತ್ತಿರ ಬಗ್ಗಿದಳು.

"ನನ್ನೊಬ್ಬಳ್ನ ಇಳಿಸಿ, ಇವ್ರನ್ನೆಲ್ಲ ಕರ್ಕಂಡು ಹೋಗ್ತೀರಾ?"

ಗಜಾನನ ಸೀಟಿ ಊದಿದ. ಹೂವಪ್ಪ ಗೇರಿನ ಮೇಲೆ ಕೈಯಿಟ್ಟ. ಕನ್ನಡಿಯಲ್ಲಿ ಮದುವೆಯ ಮಾತಿನವರು, ಕುಂಬಳಕಾಯಿ ಕಾಲಡಿಯಿಟ್ಟುಕೊಂಡ ಒಬ್ಬರು, ಆಗಲೇ ತೂಕಡಿಸುತ್ತಿದ್ದ ಇನ್ನೊಬ್ಬರು, ಅವನ ಬೆನ್ನ ಹಿಂದೆ ಕೂತಿದ್ದರು. ಮತ್ತೊಮ್ಮೆ ಸೀಟಿ ಕೇಳಿಸಿತು. ಅವನು ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿದ. ಬಸ್ಸು ಬಿಟ್ಟು ಇಳಿದ. ನೆಲದ ಮೇಲೆ ಎರಡೂ ಕಾಲೂರಿ, ಬೆಳಗಿನಿಂದ ಹಿಡಿದಿಟ್ಟ ಉಸಿರನ್ನೆಲ್ಲ ಒಮ್ಮೆಲೇ ಬಿಟ್ಟ.

ಗಜಾನನ ಓಡಿಬಂದ. "ಎಂತಾಯ್ತು ಹೂವಪ್ಪಣ್ಣ?"

"ನಿಂಗಪ್ಪನ ಬಸ್ಸು ಈಗ ಮೇಲೆ ಬರೋ ಹೊತ್ತು. ಅವನು ಇವ್ರನ್ನ ಕೆಳಗೆ ಇಳಿಸ್ಲಿ. ಅವನ ಬಸ್ಸು ನಾನು ತೀರ್ಥಹಳ್ಳಿಗೆ ಒಯ್ತೀನಿ, ರಸ್ತೆ ಸಪಾಟು."

"ಧಣಿಗೆ ಎಂತ ಹೇಳುವುದು?"

"ನಾಲ್ಕು ಬೆರಳಿಗೆ ಜಾಗ ಇತ್ತು, ಉಸಿರಿಗೆ ಇರ್ಲಿಲ್ಲ ಅಂತ ಹೇಳು."

"ಸೀಟು ಹೋಗ್ತದೆ, ಅಣ್ಣ."

ಹೂವಪ್ಪ ರಸ್ತೆ ಇಳಿಯಲು ತೊಡಗುವಲ್ಲಿದ್ದ ಮೋರಿಯ ಕಟ್ಟೆಯ ಮೇಲೆ ಹೋಗಿ ಕುಳಿತ. ಪುಷ್ಪಮ್ಮ ಇಳಿದು ಬಂದು ಸ್ವಲ್ಪ ದೂರದಲ್ಲಿ ನಿಂತಳು. ಕೆಳಗಿನ ಕಾಡಿನಿಂದ ಹಾರ್ನಿನ ಸದ್ದು ಬಂತು. ಎಂಜಿನ್ನು ಏದುಸಿರು ಬಿಡುತ್ತ ಏರುವುದು ಒಮ್ಮೆ ಹತ್ತಿರ, ಒಮ್ಮೆ ದೂರ ಕೇಳಿಸಿತು. ಬಸ್ಸು ಮರಗಳ ಮರೆಯಲ್ಲಿ ಎಲ್ಲೂ ಕಾಣುತ್ತಿರಲಿಲ್ಲ. ಪ್ರತಿ ತಿರುವಿಗೂ ಸದ್ದು ದಿಕ್ಕು ಬದಲಿಸಿದಾಗ, ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದ ಹೂವಪ್ಪನ ಎರಡು ಕೈಗಳು ಅವನಿಗೆ ತಿಳಿಯದ ಹಾಗೆ ಮೇಲೆದ್ದು, ಸಲೀಸಾಗಿ, ಪೂರ್ತಿ ಒಂದು ಸುತ್ತು ತಿರುಗಿ, ಮತ್ತೆ ಬಿಚ್ಚಿಕೊಳ್ಳುತ್ತಿದ್ದವು.