ದುರ್ಗಿಗುಡಿಗೆ ಹೋದ ಮಲ್ಲಿಕ್

ಭದ್ರಾವತಿ ಹಾಕಿ ತಂಡದ ಮಲ್ಲಿಕ್ ಈ ವರ್ಷ ಶಿವಮೊಗ್ಗದ ದುರ್ಗಿಗುಡಿ ತಂಡಕ್ಕೆ ಹಾರಿದಾಗಿನಿಂದ, ಭದ್ರಾವತಿಯ ಒಂದು ಆಟವನ್ನೂ ನೋಡದೆ ಬಿಡದ ಲಿಂಗಮ್ಮನ ಹೊಟ್ಟೆಗೆ ಬೆಂಕಿ ಬಿದ್ದಿತ್ತು. ಸೆಮಿಫೈನಲ್‌ನಲ್ಲಿ ಎರಡೂ ತಂಡ ಎದುರಾದವು. ದುರ್ಗಿಗುಡಿಯವರು "ನಮ್ಮ ಮಲ್ಲಿಕ್, ನಮ್ಮ ಮಲ್ಲಿಕ್" ಎಂದು ಕೂಗುವುದನ್ನು ಕೇಳಿ ಅವಳ ಮೈಯೆಲ್ಲ ಉರಿಯಿತು.

"ಅವನಿಗೆ ಚೆಂಡು ಸಿಕ್ಕಿದ್ರೆ ಯಾರಿಗೂ ಕೊಡಲ್ಲ. ತೊಲಗಿದ್ದೇ ಒಳ್ಳೇದಾಯ್ತು" ಎಂದು ಪಕ್ಕದವರಿಗೆಲ್ಲ ಹೇಳಿದಳು.

ಭದ್ರಾವತಿ ಒಂದು ಗೋಲಿನಿಂದ ಮುಂದಿತ್ತು. ಕೊನೇ ಗಳಿಗೆಯಲ್ಲಿ ಮಲ್ಲಿಕ್ ಹೊಡೆದ ಪೆನಾಲ್ಟಿ ಗೋಲಿನಾಚೆ ಹೋಯಿತು. ಲಿಂಗಮ್ಮ ಕುಣಿಯಲೆಂದೇ ಎದ್ದಳು. ಅಷ್ಟರಲ್ಲಿ ಹಿಂದೆ ಕೂತಿದ್ದ ದುರ್ಗಿಗುಡಿಯವನೊಬ್ಬ, "ಎಂಥಾ ದಂಡಪಿಂಡನ್ನ ತಂದ್ರಪ್ಪಾ!" ಎಂದ.

ಲಿಂಗಮ್ಮ ಗರ್ರನೆ ತಿರುಗಿದಳು. "ಬಾಯಿ ಮುಚ್ಚು ಮಾರಾಯ! ಅವನು ಹಾಕಿ ಸ್ಟಿಕ್‌ಗಿಂತ ಗಿಡ್ಡ ಇದ್ದಾಗಿಂದ ಬೈತಿರೋಳು ನಾನು. ನಿನ್ನೆ ಮೊನ್ನೆ ಬಂದ ನೀನ್ಯಾವನೋ ಅವನನ್ನ ಬೈಯೋಕೆ?"